ಡೀಸೆಲ್ ಕಾರು ಯಾರಿಗೆ?

ಈ ಸಂಜೆ ನಾನು ಮೋಟಾರು ಕಾರಿನ ವಿಷಯ ಮಾತನಾಡುತ್ತೇನೆಂದರೆ ನನ್ನನ್ನು ಬಲ್ಲವರು ನಕ್ಕಾರು. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯಲ್ಲಿ ಮೇಷ್ಟರ ಕೆಲಸದಿಂದ ನಿವೃತ್ತನಾಗಿ, ಇರುವ ನಾಲ್ಕು ತೆಂಗಿನ ಮರ ನೋಡಿಕೊಂಡಿರುವವನು. ಆದರೆ ಕಾರು ಕೊಳ್ಳುವ ವಿಷಯದಲ್ಲಿ ಪೆಟ್ಟು ತಿಂದವನು. ಓದಿ ತಿಳಿದವರ ಮಾತಿನ ಜೊತೆಗೆ ಪೆಟ್ಟು ತಿಂದವನ ಮಾತನ್ನೂ ಒಮ್ಮೆ ಕೇಳಿಟ್ಟುಕೊಂಡರೆ ನಷ್ಟವೇನಿಲ್ಲ ಎಂಬ ಧೈರ್ಯದಿಂದ ತಮ್ಮ ಮುಂದೆ ಬಂದಿದ್ದೇನೆ.

ನಮ್ಮ ಕಡೆಯ ಜನಕ್ಕೆ ಡೀಸೆಲ್ ಎಂದರೆ ಒಂದು ಬಗೆಯ ವಿಶ್ವಾಸ. ಕರೆಂಟು ಬಾರದ ದಿನಗಳಲ್ಲಿ ಬಾವಿಯ ನೀರೆತ್ತಿದ ಪಂಪು ಡೀಸೆಲಿನದು. ಗದ್ದೆ ಉತ್ತ ಟ್ರಾಕ್ಟರು ಡೀಸೆಲಿನದು. ಹಾಸನದ ಆಲೂಗೆಡ್ಡೆ ಹೊತ್ತು ದೂರದ ಮಾರುಕಟ್ಟೆಗೆ ಹೋದ ಲಾರಿಯೂ ಡೀಸೆಲಿನದು. ಪೆಟ್ರೋಲು ಸಾಹೇಬರ ಎಣ್ಣೆ, ಡೀಸೆಲು ದುಡಿಯುವವನ ಎಣ್ಣೆ ಎಂಬ ಭಾವನೆ ನಮ್ಮಲ್ಲಿ ಬೇರೂರಿತ್ತು. ೧೯೮೦ರ ಸುಮಾರಿಗೆ ಅಂಬಾಸಿಡರ್ ಕಾರಿಗೂ ಡೀಸೆಲ್ ಯಂತ್ರ ಬಂದಿತು. ಅದರ ಸದ್ದು ಎರಡು ಬೀದಿಯ ಆಚೆಗೂ ಕೇಳುತ್ತಿತ್ತು. ಆದರೂ ಬಾಡಿಗೆಗೆ ಓಡಿಸುವವರು ಅದನ್ನು ಕಣ್ಣಿಗೆ ಒತ್ತಿಕೊಂಡರು. ೧೯೯೮ರ ಕೊನೆಗೆ ಟಾಟಾದವರ ಇಂಡಿಕಾ, ೨೦೦೭ರಲ್ಲಿ ಮಾರುತಿಯವರ ಡೀಸೆಲ್ ಸ್ವಿಫ್ಟ್ ಬಂದ ಮೇಲಂತೂ ಸಂಸಾರಸ್ಥರೂ ಡೀಸೆಲ್ ಕಾರು ಕೊಳ್ಳತೊಡಗಿದರು.

ಇದಕ್ಕೆ ಕಾರಣ ಬೆಲೆ. ೨೦೧೨ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲು ಲೀಟರಿಗೆ ೭೩ ರೂಪಾಯಿ ದಾಟಿದಾಗ ಡೀಸೆಲು ೪೧ ರೂಪಾಯಿಯ ಆಸುಪಾಸಿನಲ್ಲಿತ್ತು. ವ್ಯತ್ಯಾಸ ಮೂವತ್ತೆರಡು ರೂಪಾಯಿ! ಜೊತೆಗೆ ಡೀಸೆಲ್ ಗಾಡಿ ಲೀಟರಿಗೆ ನಾಲ್ಕೈದು ಕಿಲೋಮೀಟರು ಹೆಚ್ಚು ಓಡುತ್ತದೆ. ಇನ್ನು ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಕೊಂಡವನಿಗೂ ಲಾಭವೇ. ಆದರೆ ೨೦೧೪ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲಿನ ಬೆಲೆಯ ಮೇಲಿದ್ದ ಹಿಡಿತವನ್ನು ಬಿಟ್ಟಿತು. ೨೦೨೫ರಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲು ಸುಮಾರು ೧೦೩ ರೂಪಾಯಿ, ಡೀಸೆಲು ಸುಮಾರು ೯೧ ರೂಪಾಯಿ. ಮೂವತ್ತೆರಡರ ವ್ಯತ್ಯಾಸ ಹನ್ನೆರಡಕ್ಕೆ ಇಳಿಯಿತು. ಬೆಲೆ ಬದಲಾಯಿತು, ನಮ್ಮ ಅಭ್ಯಾಸ ಬದಲಾಗಲಿಲ್ಲ. ನನ್ನ ಕಥೆ ಶುರುವಾಗುವುದು ಇಲ್ಲಿಂದ.

೨೦೨೨ರಲ್ಲಿ ಮೂರು ವರ್ಷದ ಕೊಬ್ಬರಿಯ ದುಡ್ಡು, ನಿವೃತ್ತಿಯ ದುಡ್ಡು ಒಟ್ಟು ಸೇರಿಸಿ ಒಂದು ಹೊಸ ಡೀಸೆಲ್ ಕಾರು ಕೊಂಡೆ. ಕಂಪನಿಯ ಹೆಸರು ಬೇಡ, ತಪ್ಪು ಕಂಪನಿಯದಲ್ಲ. ಅದೇ ವರ್ಷ ಹಾಸನದಲ್ಲಿರುವ ನನ್ನ ಬಾಮೈದ ಅದೇ ಮಾದರಿಯ ಪೆಟ್ರೋಲ್ ಕಾರು ಕೊಂಡ. ಅವನು ವ್ಯಾಪಾರದ ಮನುಷ್ಯ. ತಿಂಗಳಿಗೆ ಐದಾರು ಸಲ ಬೆಂಗಳೂರಿಗೆ ಹೋಗಿ ಬರುತ್ತಾನೆ. ನಡುವೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೂ ಒಮ್ಮೊಮ್ಮೆ ಹೋಗುವುದುಂಟು. ನನ್ನ ಓಡಾಟವೋ, ಬೆಳಿಗ್ಗೆ ಹಾಲಿನ ಡೈರಿಗೆ, ಅಲ್ಲಿಂದ ತೋಟಕ್ಕೆ, ಮಧ್ಯಾಹ್ನ ಮೊಮ್ಮಗಳನ್ನು ಶಾಲೆಯಿಂದ ಕರೆತರಲು, ವಾರಕ್ಕೊಮ್ಮೆ ಪೇಟೆಗೆ. ಗಾಡಿ ಬಿಸಿಯಾಗುವಷ್ಟರಲ್ಲಿ ನಾನು ಸೇರಬೇಕಾದ ಜಾಗ ಬಂದುಬಿಡುತ್ತದೆ.

“ನೀನೇಕೆ ಪೆಟ್ರೋಲು ತೆಗೆದುಕೊಂಡೆ?” ಎಂದು ಅವನನ್ನು ಕೇಳಿದೆ.

“ಭಾವ, ನೀವು ಪೇಪರು ಓದೋದಿಲ್ವೆ? ದೆಹಲೀಲಿ ಹತ್ತು ವರ್ಷ ಆದ ಡೀಸೆಲ್ ಗಾಡೀನ ರಸ್ತೆಗೇ ಬಿಡಬಾರದು ಅಂತ ಆಜ್ಞೆ ಆಗಿದೆ. ನಾಳೆ ನಮ್ಮೂರಿಗೂ ಬಂದ್ರೆ?” ಎಂದ.

ಅವನು ಹೇಳಿದ ಆಜ್ಞೆ ಸುಳ್ಳಲ್ಲ. ಹಸಿರು ನ್ಯಾಯಮಂಡಳಿ ೨೦೧೫ರಲ್ಲಿ ದೆಹಲಿ ಸೀಮೆಯ ಕೆಟ್ಟ ಗಾಳಿಯನ್ನು ಕಂಡು ಹಾಗೆ ಆದೇಶಿಸಿತು. ಆದರೆ ಅದು ಆ ಸೀಮೆಗೆ ಮಾಡಿದ ಆದೇಶ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಗಾಡಿಯನ್ನು ಪರೀಕ್ಷೆ ಮಾಡಿಸಿ ನವೀಕರಿಸಿಕೊಳ್ಳಬಹುದು. ಹೀಗೆ ನಾನು ಹಳೆಯ ಕಾಲದ ನೆನಪು ನಂಬಿ ಡೀಸೆಲು ಕೊಂಡೆ. ಅವನು ಬೇರೆ ಊರಿನ ಸುದ್ದಿ ನಂಬಿ ಪೆಟ್ರೋಲು ಕೊಂಡ. ತಾವು ದಿನವೂ ಓಡಾಡುವ ದಾರಿಯನ್ನು ಇಬ್ಬರಲ್ಲಿ ಒಬ್ಬರೂ ನೋಡಲಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ಈ ಎರಡು ಯಂತ್ರಗಳ ಸ್ವಭಾವ ಸ್ವಲ್ಪ ತಿಳಿದಿರಬೇಕು. ಸೈಕಲ್ಲಿಗೆ ಪಂಪು ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ತಾವೆಲ್ಲ ಮುಟ್ಟಿ ನೋಡಿರಬಹುದು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು ಈ ಗುಣವನ್ನೇ ಹಿಡಿದು ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಯಂತ್ರವನ್ನು ಓಡಿಸಿ ತೋರಿಸಿದ. ಪೆಟ್ರೋಲ್ ಯಂತ್ರದಲ್ಲಿ ಗಾಳಿ-ಎಣ್ಣೆಯ ಮಿಶ್ರಣವನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಒತ್ತಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ ಯಂತ್ರದಲ್ಲಿ ಬರಿಯ ಗಾಳಿಯನ್ನು ಹದಿನಾರರಲ್ಲಿ ಒಂದು ಪಾಲಿನಷ್ಟು ಒತ್ತುತ್ತಾರೆ. ಆ ಗಾಳಿ ಎಷ್ಟು ಕಾಯುತ್ತದೆಂದರೆ, ಅದರೊಳಕ್ಕೆ ಎಣ್ಣೆ ಚಿಮುಕಿಸಿದೊಡನೆ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಡೆಯಲು ಯಂತ್ರ ಗಟ್ಟಿಯಾಗಿರಬೇಕು, ಆದ್ದರಿಂದ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ಪ್ರತಿಫಲವಾಗಿ ಅದೇ ಒಂದು ಲೀಟರಿನಿಂದ ಹೆಚ್ಚು ಕೆಲಸ ತೆಗೆಯುತ್ತದೆ.

ಇದರ ಇನ್ನೊಂದು ಗುಣ ಎಳೆತ. ಹುಂಡೈಯವರ ಕ್ರೆಟಾ ಎಂಬ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು ನಮ್ಮ ಗಾಡಿಯಲ್ಲ. ಎರಡು ಬಗೆಯ ಯಂತ್ರಗಳಲ್ಲೂ ಸಿಗುವುದರಿಂದ ಹೋಲಿಕೆಗೆ ಅನುಕೂಲ, ಅಷ್ಟೆ. ಅದರ ೧.೫ ಲೀಟರಿನ ಸಾಧಾರಣ ಪೆಟ್ರೋಲ್ ಯಂತ್ರದ ಶಕ್ತಿ ೧೧೫ ಅಶ್ವಬಲ. ಡೀಸೆಲ್ ಯಂತ್ರದ್ದು ೧೧೬. ಕಾಗದದ ಮೇಲೆ ಇಬ್ಬರೂ ಸಮ. ಆದರೆ ಚಕ್ರ ತಿರುಗಿಸುವ ಎಳೆತವನ್ನು ನ್ಯೂಟನ್-ಮೀಟರಿನಲ್ಲಿ ಅಳೆದರೆ ಪೆಟ್ರೋಲಿನದು ೧೪೪, ಡೀಸೆಲಿನದು ೨೫೦. ಅದೂ ಪೆಟ್ರೋಲಿಗೆ ಆ ಬಲ ಬರುವುದು ಯಂತ್ರ ನಿಮಿಷಕ್ಕೆ ೪,೫೦೦ ಸುತ್ತು ತಿರುಗಿದಾಗ. ಡೀಸೆಲಿಗೆ ೧,೫೦೦ ಸುತ್ತಿಗೇ ಬರುತ್ತದೆ. ಐದು ಜನ, ಮೇಲೊಂದಿಷ್ಟು ಸಾಮಾನು ಹೇರಿಕೊಂಡು ಘಾಟಿ ಹತ್ತುವಾಗ ಪೆಟ್ರೋಲ್ ಗಾಡಿ ಗೇರು ಬದಲಾಯಿಸಿ ಅರಚಿಕೊಳ್ಳುವ ಜಾಗದಲ್ಲಿ ಡೀಸೆಲ್ ಗಾಡಿ ಪಳಗಿದ ಎತ್ತಿನ ಹಾಗೆ ತಲೆ ತಗ್ಗಿಸಿ ಎಳೆದುಕೊಂಡು ಹೋಗುತ್ತದೆ. ಒಮ್ಮೆ ಆ ಎಳೆತದ ರುಚಿ ಹತ್ತಿದವರಿಗೆ ಬೇರೆಯದು ಸಪ್ಪೆ ಎನಿಸುವುದು ಸಹಜ. ನನಗೂ ಹಾಗೇ ಆಗಿತ್ತು.

ಆದರೆ ಡೀಸೆಲಿಗೆ ಒಂದು ಕೆಟ್ಟ ಗುಣವೂ ಉಂಟು, ಅದು ಮಸಿ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ೨೦೧೨ರಲ್ಲಿ ಸಾರಿತು. ನಮ್ಮ ದೇಶದಲ್ಲಿ ೨೦೨೦ರ ಏಪ್ರಿಲ್ ೧ರಿಂದ ಭಾರತ್ ಆರನೆಯ ಹಂತದ ನಿಯಮ ಜಾರಿಗೆ ಬಂದು, ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಒಂದು ಶೋಧಕ ಸೇರಿತು. ಅದನ್ನು ಡಿ.ಪಿ.ಎಫ್. ಎನ್ನುತ್ತಾರೆ, ನಾವು ಮಸಿಜರಡಿ ಎಂದು ಕರೆಯೋಣ. ಹಿಟ್ಟಿನ ಜರಡಿಯಲ್ಲಿ ತೌಡು ನಿಲ್ಲುವ ಹಾಗೆ ಇದರಲ್ಲಿ ಮಸಿ ನಿಲ್ಲುತ್ತದೆ. ನಿಂತ ಮಸಿ ಹೋಗಬೇಕಲ್ಲ? ಗಾಡಿ ಹೆದ್ದಾರಿಯಲ್ಲಿ ಗಂಟೆಗೆ ಅರವತ್ತು ಕಿಲೋಮೀಟರಿಗೆ ಮೇಲ್ಪಟ್ಟು ಇಪ್ಪತ್ತು ನಿಮಿಷ ಎಡೆಬಿಡದೆ ಓಡಿದರೆ ಕೊಳವೆ ಚೆನ್ನಾಗಿ ಕಾದು, ಗಾಡಿಯೇ ಇನ್ನಷ್ಟು ಎಣ್ಣೆ ಚಿಮುಕಿಸಿ ಸುಮಾರು ೬೦೦ ಡಿಗ್ರಿ ಶಾಖದಲ್ಲಿ ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಡೈರಿಗೂ ತೋಟಕ್ಕೂ ಓಡಾಡುವ ಗಾಡಿಗೆ ಆ ಶಾಖ ಎಲ್ಲಿಂದ ಬರಬೇಕು? ಸುಡಲು ಶುರುಮಾಡುವಷ್ಟರಲ್ಲಿ ನಾನು ಬೀಗ ತಿರುಗಿಸಿ ಇಳಿದಿರುತ್ತಿದ್ದೆ. ಹಾಗೆ ಅರ್ಧಕ್ಕೆ ನಿಂತಾಗ ಚಿಮುಕಿಸಿದ ಎಣ್ಣೆ ಎಂಜಿನ್ ಆಯಿಲಿಗೆ ಇಳಿದು ಅದನ್ನೂ ತೆಳ್ಳಗೆ ಮಾಡುತ್ತದೆ.

೨೦೨೪ರ ಮಳೆಗಾಲದಲ್ಲಿ ನನ್ನ ಗಾಡಿಯ ಮುಂಭಾಗದಲ್ಲಿ ಒಂದು ಹಳದಿ ದೀಪ ಹತ್ತಿತು. ಒಂದು ವಾರ ನೋಡಿಯೂ ನೋಡದವನಂತೆ ಇದ್ದೆ. ಗಾಡಿ ಓಡುತ್ತಿದೆಯಲ್ಲ, ದೀಪದ್ದೇನು ಎಂಬ ಉದಾಸೀನ. ಒಂದು ರಾತ್ರಿ ನನ್ನ ತಾಯಿಗೆ ಉಬ್ಬಸ ಹೆಚ್ಚಾಯಿತು. ಎಂಬತ್ತು ದಾಟಿದ ಜೀವ. ಹಿಂದಿನ ಸೀಟಿನಲ್ಲಿ ನನ್ನಾಕೆ ಅವರನ್ನು ಎದೆಗೊರಗಿಸಿಕೊಂಡು ಕೂತಳು. ಹಾಸನದ ಆಸ್ಪತ್ರೆಗೆ ಹೊರಟೆವು. ಹೆದ್ದಾರಿಗೆ ಬಂದು ವೇಗ ಹೆಚ್ಚಿಸಬೇಕೆಂದು ಕಾಲು ಒತ್ತುತ್ತೇನೆ, ಗಾಡಿ ಏಳುವುದಿಲ್ಲ. ಇನ್ನೊಂದು ದೀಪವೂ ಹತ್ತಿತು. ನಲವತ್ತರ ಮೇಲೆ ಮುಳ್ಳು ಏರಲಿಲ್ಲ. ಯಂತ್ರ ಕೆಡದಿರಲೆಂದು ಗಾಡಿಯೇ ತನ್ನ ಬಲವನ್ನು ತಗ್ಗಿಸಿಕೊಂಡು ಕುಂಟಿಕೊಂಡು ನಡೆಯುವ ಏರ್ಪಾಟಂತೆ ಅದು. ಆಗ ನನಗೆ ತಿಳಿದಿರಲಿಲ್ಲ. ಲಾರಿಗಳೆಲ್ಲ ಹಾರನ್ನು ಮಾಡಿ ನಮ್ಮನ್ನು ದಾಟಿ ಹೋಗುತ್ತಿದ್ದವು. ಹಿಂದಿನಿಂದ ತಾಯಿಯ ಉಸಿರಿನ ಸದ್ದು. “ಇನ್ನೂ ಎಷ್ಟು ದೂರ ರೀ?” ಎಂದು ನನ್ನಾಕೆ ಕೇಳಿದ್ದು ಒಂದೇ ಸಲ. ಆಮೇಲೆ ಕೇಳಲಿಲ್ಲ. ಆ ಮೌನ ನನಗೆ ಇಂದಿಗೂ ಮರೆತಿಲ್ಲ.

ದೇವರು ದೊಡ್ಡವನು, ತಲುಪಿದೆವು. ಆಮ್ಲಜನಕ ಕೊಟ್ಟರು, ನಾಲ್ಕನೆಯ ದಿನ ತಾಯಿ ಮನೆಗೆ ಬಂದರು. ಗಾಡಿಯನ್ನು ಹಾಸನದಲ್ಲೇ ಸರ್ವಿಸಿಗೆ ಬಿಟ್ಟಿದ್ದೆ. ಸಿಟ್ಟಿನಿಂದ, “ಎರಡು ವರ್ಷಕ್ಕೇ ಕೆಡುವ ಗಾಡಿ ಮಾಡಿದ್ದೀರಲ್ಲ” ಎಂದೆ. ಅಲ್ಲಿನ ಮೆಕ್ಯಾನಿಕ್ ಹುಡುಗ ನಿಧಾನವಾಗಿ ಹೇಳಿದ: “ಸಾರ್, ಇದು ಓಡಿ ಕೆಟ್ಟಿಲ್ಲ. ಓಡದೇ ಕೆಟ್ಟಿದೆ.”

ಯಂತ್ರವನ್ನು ಅವರ ಉಪಕರಣಕ್ಕೆ ಜೋಡಿಸಿ ಮಸಿ ಸುಟ್ಟು, ಎಂಜಿನ್ ಆಯಿಲು ಬದಲಾಯಿಸಿ ಕೊಟ್ಟರು. ಜರಡಿಯನ್ನೇ ಬದಲಾಯಿಸುವ ಹಂತಕ್ಕೆ ಹೋಗಿದ್ದರೆ ದೊಡ್ಡ ಮೊತ್ತವೇ ಆಗುತ್ತಿತ್ತು. ಊರಿಗೆ ಬಂದಾಗ ಒಬ್ಬ ಸ್ನೇಹಿತರು ಉಪಾಯ ಹೇಳಿದರು: “ಆ ಜರಡೀನೇ ಕಿತ್ತುಹಾಕಿಸಿಬಿಡಿ ಮೇಷ್ಟ್ರೇ, ಪೀಡೆ ಕಳೆಯುತ್ತೆ.” ಹಾಗೆ ಮಾಡಿಸುವವರು ಇದ್ದಾರಂತೆ. ಅದು ಕಾನೂನಿಗೆ ವಿರುದ್ಧ ಎನ್ನುವುದು ಒಂದು ಮಾತು. ಅದಕ್ಕಿಂತ ಹೆಚ್ಚಾಗಿ, ಉಸಿರಿಗೆ ಕಷ್ಟಪಡುವ ತಾಯಿಯನ್ನು ಮನೆಯಲ್ಲಿಟ್ಟುಕೊಂಡು, ಬೀದಿಯಲ್ಲಿ ಕೂತ ಇನ್ನೊಬ್ಬರ ತಾಯಿಯ ಮುಖಕ್ಕೆ ಮಸಿ ಬಿಡಲು ನನಗೆ ಮನಸ್ಸು ಬರಲಿಲ್ಲ.

ಮುಂದಿನ ಭಾನುವಾರ ತಾಯಿಯನ್ನು ನೋಡಲು ಬಾಮೈದ ಬಂದ. ಅವನದೂ ಗೋಳು: “ಬಂಕಿಗೆ ಸುರಿದೇ ಸಾಕಾಗಿದೆ ಭಾವ.” ಜಗಲಿಯ ಮೇಲೆ ಕೂತು, ಪೆನ್ಸಿಲು ಕಾಗದ ಹಿಡಿದು, ಕೊಳ್ಳುವ ಮೊದಲು ಹಾಕಬೇಕಾಗಿದ್ದ ಲೆಕ್ಕವನ್ನು ಆಗ ಹಾಕಿದೆವು. ೨೦೨೫ರ ದರದಲ್ಲಿ ಅದನ್ನೇ ತಮಗೂ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಬಹುದು.

ಒಂದೇ ಮಾದರಿಯ ಪೆಟ್ರೋಲ್ ಗಾಡಿ ಲೀಟರಿಗೆ ೧೪ ಕಿಲೋಮೀಟರು, ಡೀಸೆಲ್ ಗಾಡಿ ೧೮ ಕಿಲೋಮೀಟರು ಕೊಡುತ್ತದೆನ್ನಿ. ಕಂಪನಿಯವರು ಹೇಳುವ ಮೈಲೇಜ್ ಇದಕ್ಕಿಂತ ಹೆಚ್ಚಿರುತ್ತದೆ. ಅದು ಪರೀಕ್ಷಾಶಾಲೆಯ ಮೈಲೇಜ್, ನಮ್ಮ ರಸ್ತೆಯದಲ್ಲ. ಪೆಟ್ರೋಲು ೧೦೩ ರೂಪಾಯಿಯಾದರೆ ಕಿಲೋಮೀಟರಿಗೆ ೭ ರೂಪಾಯಿ ೩೬ ಪೈಸೆ. ಡೀಸೆಲು ೯೧ ರೂಪಾಯಿಯಾದರೆ ೫ ರೂಪಾಯಿ ೬ ಪೈಸೆ. ಉಳಿತಾಯ ೨ ರೂಪಾಯಿ ೩೦ ಪೈಸೆ. ಡೀಸೆಲಿನ ಸರ್ವಿಸು ಸ್ವಲ್ಪ ದುಬಾರಿ. ಈಚಿನ ಹಲವು ಗಾಡಿಗಳಲ್ಲಿ ಹೊಗೆಯ ವಿಷ ಕಳೆಯಲು ಯೂರಿಯಾ ದ್ರಾವಣದ ಬೇರೊಂದು ತೊಟ್ಟಿಯೂ ಇರುತ್ತದೆ, ಅದನ್ನೂ ತುಂಬಿಸುತ್ತಿರಬೇಕು. ಇದಕ್ಕೆಲ್ಲ ೩೦ ಪೈಸೆ ಕಳೆಯಿರಿ. ಉಳಿದದ್ದು ಕಿಲೋಮೀಟರಿಗೆ ಎರಡು ರೂಪಾಯಿ. ಇನ್ನು ಕೊಳ್ಳುವಾಗ ಡೀಸೆಲ್ ಗಾಡಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟಿರೆಂದು ಇಟ್ಟುಕೊಂಡರೆ, ಆ ದುಡ್ಡು ತಿರುಗಿ ಬರಲು ೭೫,೦೦೦ ಕಿಲೋಮೀಟರು ಓಡಬೇಕು.

ತಿಂಗಳಿಗೆ ೫೦೦ ಕಿಲೋಮೀಟರು ಓಡಾಡುವ ನನಗೆ ಅದಕ್ಕೆ ಹನ್ನೆರಡೂವರೆ ವರ್ಷ ಬೇಕು. ತಿಂಗಳಿಗೆ ೨,೦೦೦ ಕಿಲೋಮೀಟರು ಓಡುವ ಬಾಮೈದನಿಗೆ ಮೂರು ವರ್ಷ, ಮೇಲೊಂದೂವರೆ ತಿಂಗಳು ಸಾಕು. ಇಬ್ಬರೂ ಕಾಗದವನ್ನೊಮ್ಮೆ, ಮುಖವನ್ನೊಮ್ಮೆ ನೋಡಿಕೊಂಡೆವು. ಒಳಗಿನಿಂದ ಕಾಫಿ ತಂದ ನನ್ನಾಕೆ, “ಅವನ ಗಾಡಿ ನೀವು ಇಟ್ಟುಕೊಳ್ಳಿ, ನಿಮ್ಮ ಗಾಡಿ ಅವನು ತಗೊಂಡು ಹೋಗಲಿ. ಇದಕ್ಕೆ ಪಂಚಾಯಿತಿ ಬೇಕೆ?” ಎಂದಳು.

ಹಾಗೇ ಆಯಿತು. ಗಾಡಿಗಳ ಬೆಲೆಯನ್ನು ಹೊರಗಿನವರಿಂದ ಕಟ್ಟಿಸಿ, ವ್ಯತ್ಯಾಸದ ಹಣವನ್ನು ಅವನು ಕೊಟ್ಟ. ಸಂಬಂಧಿಕರೆಂದು ಸುಮ್ಮನಾಗದೆ ಆರ್.ಸಿ., ವಿಮೆ ಎರಡರಲ್ಲೂ ಹೆಸರು ಬದಲಾಯಿಸಿಕೊಂಡೆವು. ಅಂದಿನಿಂದ ಅವನ ಕೈಯಲ್ಲಿ ಆ ಹಳದಿ ದೀಪ ಮತ್ತೆ ಹತ್ತಿಲ್ಲ. ನನ್ನ ಪೆಟ್ರೋಲ್ ಗಾಡಿಗೆ ಆ ಎಳೆತವಿಲ್ಲ. ತೆಂಗಿನಕಾಯಿಯ ಚೀಲ ಹೇರಿ ತೋಟದ ಏರಿ ಹತ್ತಿಸುವಾಗ ಹಳೆಯ ಗಾಡಿಯ ನೆನಪಾಗುವುದುಂಟು. ಪೆಟ್ರೋಲಿಗೆ ಎಥನಾಲ್ ಬೆರೆಸುವುದರಿಂದ ಮೈಲೇಜ್ ತುಸು ಕಡಿಮೆ ಎಂಬುದೂ ನಿಜ. ಆದರೆ ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ನಮ್ಮನ್ನು ಹಾಸನಕ್ಕೆ ಮುಟ್ಟಿಸುತ್ತದೆಂಬ ನಂಬಿಕೆ ಇದೆ. ಅಷ್ಟು ಸಾಕು.

ಡೀಸೆಲೇ ಬೇಕಾದವರಿಗೆ ಈಗ ಆಯ್ಕೆ ಹಿಂದಿನಷ್ಟಿಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧದಷ್ಟು ಡೀಸೆಲಿನವು; ಈಚಿನ ವರ್ಷಗಳಲ್ಲಿ ಐದರಲ್ಲಿ ಒಂದೂ ಇಲ್ಲ. ಮಾರುತಿಯವರು ೨೦೨೦ರಲ್ಲಿ, ಹೋಂಡಾದವರು ೨೦೨೩ರಲ್ಲಿ ಡೀಸೆಲ್ ಕಾರು ನಿಲ್ಲಿಸಿದರು. ೨೦೨೫ರಲ್ಲಿ ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳ ಪೈಕಿ ಡೀಸೆಲಿನದಾಗಿ ಉಳಿದಿದ್ದುದು ಟಾಟಾ ಆಲ್ಟ್ರೋಜ್ ಒಂದೇ: ೯೦ ಅಶ್ವಬಲ, ೨೦೦ ನ್ಯೂಟನ್-ಮೀಟರಿನ ಎಳೆತ. ತಗ್ಗಿನ ಗಾಡಿ, ಹೆದ್ದಾರಿಯಲ್ಲಿ ಓಡಾಡುವ ನಾಲ್ವರ ಸಂಸಾರಕ್ಕೆ ಸಾಕು. ಎತ್ತರದ ಗಾಡಿ ಬೇಕೆನ್ನುವವರಿಗೆ ನಾಲ್ಕು ಮೀಟರಿನೊಳಗೇ ಟಾಟಾ ನೆಕ್ಸಾನ್, ಹುಂಡೈ ವೆನ್ಯೂ, ಕಿಯಾ ಸೋನೆಟ್, ಮಹೀಂದ್ರ ೩ಎಕ್ಸ್‌ಓ ಇವೆ. ಎಲ್ಲವೂ ಒಂದೂವರೆ ಲೀಟರಿನ ಯಂತ್ರ, ೧೧೫ರ ಆಸುಪಾಸಿನ ಅಶ್ವಬಲ. ಇವುಗಳಲ್ಲಿ ಎಳೆತ ಹೆಚ್ಚಿರುವುದು ಮಹೀಂದ್ರಕ್ಕೆ, ೩೦೦. ಕೆಟ್ಟ ರಸ್ತೆಗೆ ಬೊಲೆರೊ ಇದೆ. ೭೬ ಅಶ್ವಬಲದ ನಿಧಾನಸ್ಥ, ಆದರೆ ಹಳ್ಳಿಯ ಮೆಕ್ಯಾನಿಕ್ಕಿಗೂ ಪರಿಚಿತ. ಏಳೆಂಟು ಜನರ ತುಂಬು ಸಂಸಾರಕ್ಕೆ ಇನೋವಾ ಕ್ರಿಸ್ಟಾದಂಥ ದೊಡ್ಡ ಗಾಡಿಯಲ್ಲಿ ಡೀಸೆಲಿನ ಗುಣ ಪೂರ್ತಿಯಾಗಿ ಕಾಣುತ್ತದೆ.

ತೆರಿಗೆಯನ್ನೂ ಗಮನಿಸಿ. ೨೦೨೫ರ ಸೆಪ್ಟೆಂಬರ್ ೨೨ರಿಂದ ನಾಲ್ಕು ಮೀಟರು ಮೀರದ, ೧,೫೦೦ ಸಿ.ಸಿ. ಒಳಗಿನ ಡೀಸೆಲ್ ಕಾರಿಗೆ ಜಿ.ಎಸ್.ಟಿ. ಶೇಕಡ ೧೮, ೧,೨೦೦ ಸಿ.ಸಿ. ಒಳಗಿನ ಸಣ್ಣ ಪೆಟ್ರೋಲ್ ಕಾರಿಗೂ ಅಷ್ಟೇ. ಅದಕ್ಕೆ ಮೀರಿದರೆ ಶೇಕಡ ೪೦. ನಮ್ಮ ರಾಜ್ಯದಲ್ಲಿ ಗಾಡಿಯ ಬೆಲೆ ಹತ್ತು ಲಕ್ಷ ದಾಟಿದರೆ ಜೀವಾವಧಿ ತೆರಿಗೆಯ ದರವೂ ಏರುತ್ತದೆ. ಪೆಟ್ರೋಲಿನದು ಆ ಗೆರೆಯ ಈಚೆ, ಡೀಸೆಲಿನದು ಆಚೆ ಬಿದ್ದರೆ ಒಂದೂವರೆ ಲಕ್ಷದ ವ್ಯತ್ಯಾಸ ಇನ್ನೂ ಬೆಳೆಯುತ್ತದೆ.

ಈಗಾಗಲೇ ಡೀಸೆಲ್ ಗಾಡಿ ಮನೆಯಲ್ಲಿರುವವರು ಗಾಬರಿಯಾಗಬೇಕಿಲ್ಲ. ವಾರಕ್ಕೊಮ್ಮೆ ಹೆದ್ದಾರಿಗೆ ಕೊಂಡೊಯ್ದು ಅರ್ಧ ಗಂಟೆ ಒಂದೇ ಸಮನಾಗಿ ಓಡಿಸಿ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗಿ ಬಂದರೆ ಬೇಕಾದಷ್ಟಾಯಿತು. ಮಸಿಯ ದೀಪ ಹತ್ತಿದ್ದರೆ ಗಾಡಿ ನಿಲ್ಲಿಸದೆ ಇನ್ನಷ್ಟು ದೂರ ಓಡಿಸಿ. ಆಗಲೂ ಆರದಿದ್ದರೆ ನನ್ನ ಹಾಗೆ ವಾರ ಕಾಯದೆ ತೋರಿಸಿ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಂಜಿನ್ ಆಯಿಲನ್ನೇ ಹಾಕಿಸಿ. ಅಗ್ಗದ್ದು ಜರಡಿಯನ್ನು ಬೇಗ ಕಟ್ಟಿಸುತ್ತದೆ. ಡೀಸೆಲ್ ಫಿಲ್ಟರಿನಲ್ಲಿ ಸೇರುವ ನೀರನ್ನು ಸರ್ವಿಸಿನಲ್ಲಿ ತೆಗೆಸಿ.

ಹೊಸದಾಗಿ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಒಂದು ತಿಂಗಳು ತಮ್ಮ ಓಡಾಟವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಇಂದು ಎಷ್ಟು ದೂರ, ಒಂದೇ ಓಟದಲ್ಲಿ ಎಷ್ಟು ದೂರ, ಎಷ್ಟು ಜನ. ತಿಂಗಳ ಕೊನೆಗೆ ಕೂಡಿಸಿ. ಸಾವಿರದೈನೂರು ಕಿಲೋಮೀಟರು ದಾಟಿದ್ದು, ಅದರಲ್ಲಿ ಹೆಚ್ಚು ಪಾಲು ದೂರದ ಪ್ರಯಾಣವಾಗಿದ್ದರೆ ಧೈರ್ಯವಾಗಿ ಡೀಸೆಲು ಕೊಳ್ಳಿ. ಇಲ್ಲದಿದ್ದರೆ, ಮಾರುವವರು ಏನೇ ಹೇಳಲಿ, ನಿಮ್ಮ ತಂದೆಯವರ ಕಾಲದ ಟ್ರಾಕ್ಟರು ಎಷ್ಟೇ ನೆನಪಾಗಲಿ, ಪೆಟ್ರೋಲಿನ ಗಾಡಿಯ ಬಾಗಿಲು ತೆಗೆದು ಕೂತುಕೊಳ್ಳಿ.

ನನಗೆ ಇಷ್ಟು ತಿಳಿಯಲು ಎರಡು ವರ್ಷ ಹಿಡಿಯಿತು, ಜೊತೆಗೆ ಒಂದು ರಾತ್ರಿಯೂ. ತಮಗೆ ಆ ರಾತ್ರಿ ಬಾರದಿರಲಿ ಎಂದೇ ಇಷ್ಟು ಹೊತ್ತು ಮಾತನಾಡಿದೆ.